ಸಫೊಕ್‌ನ ತಾಮ್ರದ ಬಿಲ್ಲೆಗಳು: ಓದುಗರ ಪತ್ರಗಳಿಗೆ ಉತ್ತರ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬ್ರಿಟನ್ನಿನ ವರ್ತಕರು ತಮ್ಮ ಹೆಸರಿನಲ್ಲಿ ಹೊರಡಿಸಿದ ತಾಮ್ರದ ಬಿಲ್ಲೆಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರವು. ಮೈಸೂರು ಸೀಮೆಯಲ್ಲಿ ಹುಟ್ಟಿ ಸಫೊಕ್ ಕೌಂಟಿಯಲ್ಲಿ ಮನೆಮಾಡಿಕೊಂಡಿರುವ ನನಗೆ ಈ ಪತ್ರಗಳು ತುಂಬ ಸಂತೋಷ ಕೊಟ್ಟಿವೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ. ಅದು ಅಷ್ಟು ಜಾಗ ಬೇಡುವ ಪ್ರಶ್ನೆಯೇ.

ಪ್ರಶ್ನೆ: ನಮ್ಮೂರಿನ ಹಳೆಯ ಸಾಮಾನುಗಳ ಅಂಗಡಿಯೊಂದರಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಮುಖವಿರುವ ತಾಮ್ರದ ಬಿಲ್ಲೆ ಸಿಕ್ಕಿತು. ಇದೇ ಊರಿನ ಅಂಚೆ ಕಚೇರಿಯ ಹೆಸರು ಅದರ ಮೇಲಿದೆ. ಇದು ನಾಣ್ಯವೋ ಪದಕವೋ? ರಾಜನ ತಲೆಯೇ ಇಲ್ಲದ ಮೇಲೆ ಜನ ಇದನ್ನು ಹಣವೆಂದು ಹೇಗೆ ಒಪ್ಪಿಕೊಂಡರು?
— ಓದುಗರೊಬ್ಬರು, ಬರಿ ಸೇಂಟ್ ಎಡ್ಮಂಡ್ಸ್

ಉತ್ತರ: ನಿಮ್ಮ ಕೈಗೆ ಬಂದಿರುವುದು ಸಫೊಕ್‌ನ ಬಿಲ್ಲೆಗಳಲ್ಲಿ ನನಗೆ ಅತ್ಯಂತ ಹತ್ತಿರವಾದದ್ದು. ಬರಿ ಸೇಂಟ್ ಎಡ್ಮಂಡ್ಸ್‌ನ ಅಂಚೆ ಕಚೇರಿಯನ್ನು ನೋಡಿಕೊಳ್ಳುತ್ತಿದ್ದ ಪಿ. ಡೆಕ್ ಎಂಬಾತ ಅದನ್ನು ಹೊರಡಿಸಿದ. ಅದು ಹಣವೇ, ಆದರೆ ರಾಜನ ಹಣವಲ್ಲ. ಅದನ್ನು ತಂದವರಿಗೆ ಬೆಲೆ ಕೊಡುತ್ತೇನೆಂದು ಒಬ್ಬ ಊರಿನ ಮನುಷ್ಯ ಕೊಟ್ಟ ಮಾತು.

ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಚಿಲ್ಲರೆಯ ಬರ ಘೋರವಾಗಿತ್ತು. ಲಂಡನ್ನಿನ ರಾಜ ಟಂಕಸಾಲೆ 1775ರ ನಂತರ ತಾಮ್ರದ ಅರ್ಧಪೆನ್ನಿಗಳನ್ನು ಟಂಕಿಸುವುದನ್ನೇ ನಿಲ್ಲಿಸಿತ್ತು. ತಾಮ್ರದ ಕಾಸು ಬಡವರ ಹಣ. ದೊಡ್ಡ ವ್ಯಾಪಾರಕ್ಕೆ ಚಿನ್ನ ಬೆಳ್ಳಿ ಸಾಕೆಂಬುದು ಅಧಿಕಾರದಲ್ಲಿದ್ದವರ ಧೋರಣೆ. ಇತ್ತ ನೇಯ್ಗೆ ಮನೆಗಳಲ್ಲಿ, ಗಣಿಗಳಲ್ಲಿ, ಕುಲುಮೆಗಳಲ್ಲಿ ವಾರದ ಕೂಲಿಗೆ ದುಡಿಯುವವರ ಸಂಖ್ಯೆ ಬೆಳೆಯುತ್ತಲೇ ಇತ್ತು. ಶನಿವಾರ ಕೂಲಿ ಬಟವಾಡೆ ಮಾಡಲು ಮಾಲೀಕನ ಬಳಿ ಚಿಲ್ಲರೆ ಇರುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಖೋಟಾ ಕಾಸಿನವರು. ತೆಳ್ಳನೆಯ ತಗಡಿನಲ್ಲಿ ರಾಜನ ಮುಖವನ್ನು ಹೋಲುವ ಏನನ್ನೋ ಒತ್ತಿ, ಮುಖಬೆಲೆಗಿಂತ ಕಡಿಮೆಗೆ ಸಗಟಾಗಿ ಮಾರುತ್ತಿದ್ದರು. 1771ರ ಕಾಯ್ದೆ ತಾಮ್ರದ ನಾಣ್ಯವನ್ನು ನಕಲು ಮಾಡುವುದನ್ನು ಘೋರ ಅಪರಾಧವಾಗಿಸಿತ್ತು. ಅದರಿಂದ ನುಣುಚಿಕೊಳ್ಳಲು ಕೆಲವರು ‘ಜಾರ್ಜಿಯಸ್ ರೆಕ್ಸ್’ ಎಂಬುದರ ಜಾಗದಲ್ಲಿ ‘ಜಾರ್ಜ್ ರೂಲ್ಸ್’ ಎಂದು ಕೊರೆದರು. ಓದು ಬಾರದ ಕೂಲಿಯವನಿಗೆ ಎರಡೂ ಒಂದೇ. ಕೊನೆಗೆ ಅಂಗಡಿಯವನು ಆ ಕಾಸನ್ನು ಮುಟ್ಟದಿದ್ದಾಗ ನಷ್ಟ ಯಾರಿಗಾಯಿತೆಂದು ಬೇರೆ ಹೇಳಬೇಕಿಲ್ಲ.

1787ರಲ್ಲಿ ವೇಲ್ಸ್‌ನ ಆಂಗ್ಲ್‌ಸೀ ದ್ವೀಪದ ಪಾರಿಸ್ ತಾಮ್ರದ ಗಣಿ ಕಂಪನಿ ತನ್ನದೇ ಪೆನ್ನಿ ಟಂಕಿಸಿತು. ಒಂದು ಬದಿಗೆ ಓಕ್ ಎಲೆಗಳ ಮಾಲೆಯ ನಡುವೆ ಮುಸುಕು ಹೊದ್ದ ಡ್ರೂಯಿಡ್ ಪುರೋಹಿತನ ತಲೆ, ಇನ್ನೊಂದು ಬದಿಗೆ ಕಂಪನಿಯ ಮೊದಲಕ್ಷರಗಳು, ಅಂಚಿನಲ್ಲಿ ಲಂಡನ್, ಲಿವರ್‌ಪೂಲ್ ಅಥವಾ ಆಂಗ್ಲ್‌ಸೀಯಲ್ಲಿ ಕೇಳಿದ ತಕ್ಷಣ ಹಣ ಕೊಡುತ್ತೇವೆಂಬ ಬರಹ. ಆ ಪೆನ್ನಿಯ ತೂಕ ಒಂದು ಔನ್ಸ್, ಅಂದರೆ ಒಂದು ಪೌಂಡ್ ತಾಮ್ರಕ್ಕೆ ಹದಿನಾರು ಪೆನ್ನಿ, ಅರ್ಧಪೆನ್ನಿಯಾದರೆ ಮೂವತ್ತೆರಡು. ರಾಜ ಟಂಕಸಾಲೆ ಅಷ್ಟೇ ತಾಮ್ರದಲ್ಲಿ ನಲವತ್ತಾರು ಅರ್ಧಪೆನ್ನಿ ತೆಗೆಯುತ್ತಿತ್ತು. ಖಾಸಗಿ ಗಣಿಯ ಕಾಸು ರಾಜನ ಕಾಸಿಗಿಂತ ಭಾರವಾಗಿತ್ತು. ನಿಮ್ಮ ಎರಡನೆಯ ಪ್ರಶ್ನೆಗೆ ಇದೇ ಉತ್ತರ: ಕೈಯಲ್ಲಿ ತೂಗಿ ನೋಡಿದವರು ನಂಬಿದರು. ಇವು ರಾಜನ ಮುಖವನ್ನು ನಕಲು ಮಾಡದ ಕಾರಣ ಖೋಟಾ ಕಾಯ್ದೆಯ ಕೈಗೆ ಸಿಗಲಿಲ್ಲ, ಸರ್ಕಾರವೂ ಸುಮ್ಮನಿತ್ತು. ಆ ಬಳಿಕ ಊರೂರಿನ ಜವಳಿ ವ್ಯಾಪಾರಿಗಳು, ದಿನಸಿಯವರು, ಮದ್ಯ ತಯಾರಕರು, ಮುದ್ರಕರು ಬರ್ಮಿಂಗ್‌ಹ್ಯಾಮಿನ ಟಂಕಸಾಲೆಗಳಿಗೆ ಬೇಡಿಕೆ ಕಳುಹಿಸಿದರು.

ಇನ್ನು ಕಾರ್ನ್‌ವಾಲಿಸ್. ಅವನ ಮನೆತನದ ಕಲ್ಫರ್ಡ್ ಎಸ್ಟೇಟ್ ನಿಮ್ಮೂರಿಗೆ ಹತ್ತಿರ. ನಿಮ್ಮೂರಿನವರಿಗೆ ಅವನು ಸ್ವಂತ ಊರಿನ ವೀರ. 1792ರಲ್ಲಿ ಅವನು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು, ಇಷ್ಟನ್ನೂ ಪಡೆದ. ಅದೇ ವರ್ಷ ಮಾರ್ಕ್ವಿಸ್ ಪದವಿಯೂ ಬಂತು. ಬಿಲ್ಲೆಯ ಮೇಲೆ ಅವನನ್ನು ಮಾರ್ಕ್ವಿಸ್ ಎಂದೇ ಕರೆದಿರುವುದರಿಂದ ಅದು ಆಮೇಲಿನದು. ‘ಅವನ ಕೀರ್ತಿ ಪೂರ್ವದಿಂದ ಪಶ್ಚಿಮಕ್ಕೆ ಮೊಳಗುತ್ತದೆ’ ಎಂಬ ಅರ್ಥದ ಸಾಲನ್ನೂ ಅಲ್ಲಿ ಕಾಣುವಿರಿ. ಪಶ್ಚಿಮದಲ್ಲಿ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾದ ಸೇನೆಯೂ ಅವನದೇ. ಆ ಸಾಲನ್ನು ಓದುವಾಗ ಶ್ರೀರಂಗಪಟ್ಟಣದ ಕೋಟೆಯನ್ನು ಕಣ್ಣಾರೆ ಕಂಡ ನನಗೆ ಮನಸ್ಸು ಭಾರವಾಗುತ್ತದೆ. ಆದರೂ ಆ ಬಿಲ್ಲೆಯನ್ನು ನನ್ನ ಸಂಗ್ರಹದಿಂದ ಎಂದಿಗೂ ಹೊರಗೆ ಹಾಕಲಾರೆ. ನಮ್ಮ ಸೋಲಿನ ಸುದ್ದಿ ಒಂದು ಇಂಗ್ಲಿಷ್ ಸಂತೆಯೂರಿನಲ್ಲಿ ಕೈಯಿಂದ ಕೈಗೆ ಹೋದದ್ದಕ್ಕೆ ಅದು ಸಾಕ್ಷಿ. ಜೋಪಾನವಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಸಫೊಕ್‌ನ ಬಿಲ್ಲೆಗಳನ್ನು ಕೂಡಿಸಬೇಕೆಂಬ ಆಸೆ ಹುಟ್ಟಿದೆ. ಡಾಲ್ಟನ್ ಮತ್ತು ಹ್ಯಾಮರ್ ಅವರ ಕ್ಯಾಟಲಾಗಿನಲ್ಲಿ ಕೌಂಟಿಗೆ ಇರುವ ಎಲ್ಲ ಸಂಖ್ಯೆಗಳನ್ನೂ ತುಂಬಿಸಬೇಕೆ? ಸವೆದವನ್ನು ಬಿಟ್ಟು ಹೊಸದರಂತೆ ಹೊಳೆಯುವವನ್ನೇ ಕೊಳ್ಳಬೇಕೆಂದು ಸ್ನೇಹಿತರೊಬ್ಬರು ಹೇಳುತ್ತಾರೆ.
— ಇಪ್ಸ್‌ವಿಚ್‌ನ ಓದುಗರು

ಉತ್ತರ: ಎರಡಕ್ಕೂ ನನ್ನ ಉತ್ತರ ಬೇಡ ಎಂದೇ. ನಿಮ್ಮ ಸ್ನೇಹಿತರು ಬೇಸರಿಸಬಾರದು.

ಡಾಲ್ಟನ್ ಮತ್ತು ಹ್ಯಾಮರ್ ಅವರ ಗ್ರಂಥ 1910ರಿಂದ ಭಾಗಭಾಗವಾಗಿ ಹೊರಬಂತು, ಇಂದಿಗೂ ಅದಿಲ್ಲದೆ ಈ ಹವ್ಯಾಸ ನಡೆಯದು. ಕೌಂಟಿಯಿಂದ ಕೌಂಟಿಗೆ ಸಂಖ್ಯೆ ಹೊಸದಾಗಿ ಆರಂಭವಾಗುತ್ತದೆ, ಆದ್ದರಿಂದ ಬರಿಯ ಸಂಖ್ಯೆ ಹೇಳಿದರೆ ಸಾಲದು, ಕೌಂಟಿಯ ಹೆಸರನ್ನೂ ಹೇಳಬೇಕು. ಲಂಡನ್ನಿನ ಬಹುಭಾಗವನ್ನು ಒಳಗೊಂಡ ಮಿಡ್ಲ್‌ಸೆಕ್ಸ್‌ನ ಸಂಖ್ಯೆಗಳು ಸಾವಿರ ದಾಟುತ್ತವೆ, ಅದನ್ನು ಮುಗಿಸಲು ಹೊರಟವರ ಆಯುಷ್ಯವೇ ಸಾಲದು. ಸಫೊಕ್‌ನ ಪಟ್ಟಿ ಚಿಕ್ಕದು. ಚಿಕ್ಕದಾದ್ದರಿಂದಲೇ ಎಲ್ಲವನ್ನೂ ತುಂಬಿಸುವ ಆಸೆ ಬಲವಾಗಿ ಎಳೆಯುತ್ತದೆ. ಆದರೆ ಆ ಪಟ್ಟಿಯಲ್ಲಿ ಎರಡು ಜಾತಿಯ ಬಿಲ್ಲೆಗಳು ಬೆರೆತಿವೆ. ಮೊದಲನೆಯವು ಅಂಗಡಿಯ ಗಲ್ಲಾದಲ್ಲಿ ಓಡಾಡಿದವು. ಇನ್ನೊಂದು ಜಾತಿಯವು ಸಂಗ್ರಾಹಕರಿಗೆಂದೇ ಮಾಡಿದವು. 1790ರ ದಶಕದ ನಡುವೆ ಬಿಲ್ಲೆ ಕೂಡಿಸುವುದು ದೊಡ್ಡ ಹುಚ್ಚಾಗಿತ್ತು. ಟಂಕಸಾಲೆಯವರು ಅದನ್ನು ಕಂಡು, ಒಂದು ಊರಿನ ಮುಂಬದಿಯ ಅಚ್ಚಿಗೆ ಇನ್ನೊಂದು ಊರಿನ ಹಿಂಬದಿಯ ಅಚ್ಚನ್ನು ಜೋಡಿಸಿ, ಯಾರೂ ಚಲಾಯಿಸದ ಅಪರೂಪಗಳನ್ನು ಸೃಷ್ಟಿಸಿ ಮಾರಿದರು. ಅಂಥವು ಬೆಲೆಯಲ್ಲಿ ಎತ್ತರದಲ್ಲಿವೆ, ಹೊಳಪೂ ಉಳಿದಿದೆ. ಆದರೆ ಅವುಗಳಿಂದ ಸಫೊಕ್‌ನ ಬಗ್ಗೆ ತಿಳಿಯುವುದು ಏನೂ ಇಲ್ಲ.

ನಾನು ಊರು ಹಿಡಿದು ಕೂಡಿಸುತ್ತೇನೆ. ಬಿಲ್ಲೆ ಹೊರಡಿಸಿದ ಪ್ರತಿ ಊರಿಗೂ ಹೊರಡಿಸಿದ ವ್ಯಕ್ತಿಗೂ ಒಂದೊಂದು, ಅದರಲ್ಲೂ ಚಲಾವಣೆಯಲ್ಲಿ ಸವೆದದ್ದು. ಸವೆತವೆಂದರೆ ಆ ಬಿಲ್ಲೆ ತನ್ನ ಕೆಲಸ ಮಾಡಿತೆಂಬುದಕ್ಕೆ ಪುರಾವೆ. ಅಕ್ಷರಗಳು ಓದಲು ಬರುವಷ್ಟು ಉಳಿದಿದ್ದರೆ ನನಗೆ ಸಾಕು.

ನಿಮ್ಮ ಊರಿನಿಂದಲೇ ಆರಂಭಿಸಿ. 1794ರಲ್ಲಿ ಇಪ್ಸ್‌ವಿಚ್‌ನ ಜವಳಿ ವ್ಯಾಪಾರಿ ಜೇಮ್ಸ್ ಕಾಂಡರ್ ಅರ್ಧಪೆನ್ನಿ ಹೊರಡಿಸಿದ. ಅದರ ಒಂದು ಬದಿಯಲ್ಲಿ ಊರಿನ ಮಾರ್ಕೆಟ್ ಕ್ರಾಸ್, ಸಂತೆಯ ಜಾಗದ ಕಂಬಗಳ ಮಂಟಪ. ಆ ಕಟ್ಟಡವನ್ನು 1812ರಲ್ಲಿ ಕೆಡವಿದರು. ಇಂದು ಕಾರ್ನ್‌ಹಿಲ್ ಚೌಕದಲ್ಲಿ ನಿಂತು ಹುಡುಕಿದರೆ ಅದಿಲ್ಲ, ಬಿಲ್ಲೆಯ ಮೇಲೆ ಇದೆ. ಈ ಕಾಂಡರ್ ಬರಿಯ ವರ್ತಕನಲ್ಲ. ಸ್ವತಃ ದೊಡ್ಡ ಸಂಗ್ರಾಹಕ. 1798ರಲ್ಲಿ ಈ ಬಿಲ್ಲೆಗಳ ಕ್ಯಾಟಲಾಗನ್ನು ಅಚ್ಚು ಹಾಕಿಸಿದವನು ಅವನೇ. ಅಮೆರಿಕದ ಸಂಗ್ರಾಹಕರು ಇಂದಿಗೂ ಇಡೀ ವರ್ಗವನ್ನು ಕಾಂಡರ್ ಟೋಕನ್ ಎಂದೇ ಕರೆಯುತ್ತಾರೆ. ಅವನ ಅಂಗಡಿಯಿದ್ದ ಊರಿನಲ್ಲಿ ಕುಳಿತು ನೀವು ಈ ಪ್ರಶ್ನೆ ಕೇಳಿದ್ದೀರಿ.

ಆಮೇಲೆ ವುಡ್‌ಬ್ರಿಡ್ಜ್‌ಗೆ ಹೋಗಿ. ಅಲ್ಲಿನ ಮುದ್ರಕ ರಾಬರ್ಟ್ ಲೋಡರ್ 1796ರಲ್ಲಿ ತಂದ ಬಿಲ್ಲೆಯ ಮೇಲೆ ಥಾಮಸ್ ಸೆಕ್‌ಫರ್ಡ್‌ನ ಮುಖವಿದೆ. ಎಲಿಜಬೆತ್ ರಾಣಿಯ ಕಾಲದ ಈ ನ್ಯಾಯಾಧಿಕಾರಿ 1587ರಲ್ಲಿ ಊರಿನ ಬಡ ವೃದ್ಧರಿಗೆ ವಸತಿಯನ್ನು ಸ್ಥಾಪಿಸಿದವನು. ತನ್ನ ಸರಕನ್ನು ಹೊಗಳಿಕೊಳ್ಳುವ ಬದಲು ಇನ್ನೂರು ವರ್ಷ ಹಿಂದಿನ ದಾನಿಯೊಬ್ಬನನ್ನು ನೆನೆದ ಲೋಡರ್ ಬಗ್ಗೆ ನನಗೆ ಬಹಳ ಗೌರವ. ಆ ಪ್ರತಿಷ್ಠಾನ ಇಂದಿಗೂ ನಡೆಯುತ್ತಿದೆ, ವಸತಿಯ ಕಟ್ಟಡವನ್ನು ಸೆಕ್‌ಫರ್ಡ್ ಬೀದಿಯಲ್ಲಿ ನೋಡಬಹುದು.

ಹೇವರಿಲ್‌ನ ಜಾನ್ ಫಿಂಚಮ್ 1794ರ ಬಿಲ್ಲೆಯ ಮೇಲೆ ಮಗ್ಗದ ಮುಂದೆ ಕುಳಿತ ನೇಕಾರನನ್ನು ಕೊರೆಸಿದ. ಸಡ್ಬರಿಯ ಗೋಲ್ಡ್‌ಸ್ಮಿತ್ ಮತ್ತು ಮಕ್ಕಳು ತಮ್ಮ 1793ರ ಬಿಲ್ಲೆಯಲ್ಲಿ ಸಡ್ಬರಿಯ ವ್ಯಾಪಾರ ಏಳಿಗೆಯಾಗಲಿ ಎಂದು ಹಾರೈಸಿದರು. ಬಂಗೇಯ ಬಿಲ್ಲೆಯಲ್ಲಿ ಬೈಗಾಡ್ ಕೋಟೆಯ ಹಾಳುಗೋಡೆಗಳಿವೆ. ಬಿಲ್ಲೆ ಕೈಯಲ್ಲಿ ಹಿಡಿದು ಆ ಕೋಟೆಯ ಮುಂದೆ ನಿಂತು ನೋಡಿ. ಬ್ಲೈತಿಂಗ್ ಮತ್ತು ಹಾಕ್ಸನ್ ಕಡೆಯವು ಫ್ರಾನ್ಸಿನೊಡನೆ ಯುದ್ಧ ಶುರುವಾದ ಮೇಲೆ ಕಟ್ಟಿದ ಸ್ವಯಂಸೇವಕ ಕುದುರೆ ಪಡೆಗಳಿಗೆ ಸಂಬಂಧಿಸಿದವು. ದೇಶಭಕ್ತಿ ಹೆಚ್ಚು, ಅಂಗಡಿಯ ವಾಸನೆ ಕಡಿಮೆ. ಅವುಗಳನ್ನು ಕೊನೆಗೆ ಕೊಂಡರೂ ನಡೆಯುತ್ತದೆ.

ಒಂದೊಂದಕ್ಕೂ ಒಂದು ಕಾಗದದ ಚೀಟಿ ಬರೆಯಿರಿ: ಕ್ಯಾಟಲಾಗಿನ ಸಂಖ್ಯೆ, ತೂಕ, ಅಂಚಿನ ಬರಹ, ಕೊಂಡ ಜಾಗ, ಕೊಟ್ಟ ಹಣ. ಹೊರಡಿಸಿದವನ ಬಗ್ಗೆ ಆ ಊರಿನ ಗ್ರಂಥಾಲಯದಲ್ಲೋ ದಾಖಲೆಗಳ ಕಚೇರಿಯಲ್ಲೋ ಸಿಕ್ಕಿದ್ದನ್ನೂ ಸೇರಿಸಿ. ಇಪ್ಸ್‌ವಿಚ್‌ನಲ್ಲಿ ಕೌಂಟಿಯ ದಾಖಲೆಗಳಿವೆ. ಕೆಲವು ವರ್ಷಗಳ ಬಳಿಕ ಬಿಲ್ಲೆಗಳಿಗಿಂತ ಆ ಚೀಟಿಗಳ ಬೆಲೆಯೇ ಹೆಚ್ಚೆನಿಸುತ್ತದೆ.

ಪ್ರಶ್ನೆ: ನನ್ನ ಬಳಿ ಎರಡೂ ಬದಿಯಲ್ಲಿ ಒಂದಕ್ಕೊಂದು ತದ್ರೂಪವಾಗಿರುವ ಎರಡು ಬಿಲ್ಲೆಗಳಿವೆ. ಒಂದರ ಅಂಚಿನಲ್ಲಿ ಹೊರಡಿಸಿದವನ ಹೆಸರು, ಇನ್ನೊಂದರಲ್ಲಿ ಸಂಬಂಧವೇ ಇಲ್ಲದ ಊರುಗಳ ಹೆಸರು. ಎರಡನೆಯದು ನಕಲಿಯೇ?
— ನಾರಿಚ್‌ನಿಂದ

ಉತ್ತರ: ಅಂಚನ್ನು ನೋಡುವ ಅಭ್ಯಾಸ ನಿಮಗಿದೆಯಲ್ಲ, ಅದು ಒಳ್ಳೆಯ ಗುಣ, ಹೆಚ್ಚಿನವರು ಮುಖ ನೋಡಿ ಬಿಟ್ಟುಬಿಡುತ್ತಾರೆ. ಹಣ ಎಲ್ಲಿ ಸಿಗುತ್ತದೆಂಬ ವಾಗ್ದಾನ ಇರುವುದು ಬಹುಪಾಲು ಅಂಚಿನಲ್ಲೇ.

ಬಿಲ್ಲೆಗೆ ತಾಮ್ರದ ತಗಡನ್ನು ದುಂಡಗೆ ಕತ್ತರಿಸಿದ ಮೇಲೆ ಎರಡು ಪಟ್ಟಿಗಳ ನಡುವೆ ಉರುಳಿಸಿ ಅಂಚಿನ ಅಕ್ಷರಗಳನ್ನು ಒತ್ತುತ್ತಿದ್ದರು, ಬಳಿಕ ಮುಖಗಳನ್ನು ಟಂಕಿಸುತ್ತಿದ್ದರು. ಹೀಗೆ ಅಂಚು ಸಿದ್ಧವಾದ ತಾಮ್ರದ ತುಂಡುಗಳು ಬರ್ಮಿಂಗ್‌ಹ್ಯಾಮಿನ ಟಂಕಸಾಲೆಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಒಬ್ಬ ಗಿರಾಕಿಗೆಂದು ಮಾಡಿದ ತುಂಡು ಇನ್ನೊಬ್ಬನ ಅಚ್ಚಿನ ಕೆಳಗೆ ಹೋದದ್ದುಂಟು. ಲ್ಯಾಂಕಾಸ್ಟರ್, ಲಂಡನ್ ಅಥವಾ ಬ್ರಿಸ್ಟಲ್‌ನಲ್ಲಿ ಹಣ ಕೊಡಲಾಗುವುದು ಎಂಬ ಅಂಚು ಯಾವ ಯಾವ ಊರಿನ ಬಿಲ್ಲೆಗಳ ಮೇಲೋ ಕಾಣುತ್ತದೆ. ‘ಎಲ್ಲೆಡೆ ಚಲಾವಣೆ’ ಎಂದು ಬರೆದದ್ದೂ ಇದೆ. ಎಲ್ಲೆಡೆ ಎಂದರೆ ಕೊಡುವವನು ಎಲ್ಲಿಯೂ ಇಲ್ಲ ಎಂದೇ ಅರ್ಥ. ನಿಮ್ಮ ಎರಡನೆಯದು ಈ ಕಾಲದ ನಕಲಿಯಲ್ಲ. ಆ ಕಾಲದಲ್ಲೇ, ವರ್ತಕನ ಅಪ್ಪಣೆಯಿಲ್ಲದೆ ಹೆಚ್ಚುವರಿಯಾಗಿ ಟಂಕಿಸಿದ್ದಿರಬಹುದು. ಎರಡನ್ನೂ ತೂಕ ಮಾಡಿ. ಅನಾಮಧೇಯ ಅಂಚಿನದು ಗಮನಾರ್ಹವಾಗಿ ಹಗುರವಾಗಿದ್ದರೆ ಆ ಶಂಕೆ ಗಟ್ಟಿಯಾಗುತ್ತದೆ. ಕ್ಯಾಟಲಾಗಿನಲ್ಲಿ ಇಂಥ ಅಂಚಿನ ಭೇದಗಳನ್ನು ಮೂಲ ಸಂಖ್ಯೆಯ ಜೊತೆಗೆ ಸಣ್ಣ ಇಂಗ್ಲಿಷ್ ಅಕ್ಷರ ಸೇರಿಸಿ ಸೂಚಿಸುತ್ತಾರೆ.

ಪ್ರಶ್ನೆ: ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬಿಲ್ಲೆ ಬೆಳಗುತ್ತದೆಯೇ?
— ಕೇಂಬ್ರಿಜ್‌ನ ಗೃಹಿಣಿ

ಉತ್ತರ: ಬೆಳಗುತ್ತದೆ, ಮತ್ತು ಹಾಳಾಗುತ್ತದೆ. ದಯವಿಟ್ಟು ಬೇಡ. ತಾಮ್ರದ ಮೇಲಿನ ಕಂದು ಬಣ್ಣದ ಪದರ ಇನ್ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಕಟ್ಟಿಕೊಂಡದ್ದು, ಒಳಗಿನ ಲೋಹವನ್ನು ಕಾಯುವುದೂ ಅದೇ. ಹುಳಿ ಅದನ್ನು ಕಿತ್ತುಹಾಕಿ ಕೆಳಗಿನ ತಾಮ್ರವನ್ನು ಹಸಿಯಾಗಿ ಬಿಡುತ್ತದೆ. ಆ ಬಣ್ಣ ನಮ್ಮ ಜೀವಮಾನದಲ್ಲಿ ಮರಳಿ ಬಾರದು. ನಿಂಬೆ, ವಿನಿಗರ್, ಲೋಹ ಬೆಳಗುವ ಪುಡಿ, ಯಾವುದೂ ಬೇಡ. ಅಂಚು ಹಿಡಿದು ಎತ್ತಿ, ಮುಖಕ್ಕೆ ಬೆರಳು ತಾಗಿಸಬೇಡಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಅದು ಕಾಲಕ್ರಮೇಣ ಹಸಿರು ಅಂಟನ್ನು ಬಿಡುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆ, ಒಣಗಿದ ಜಾಗ, ಅಷ್ಟೇ ಸಾಕು.

ಪ್ರಶ್ನೆ: ನಾನು ವಾರಿಕ್‌ಶೈರ್‌ನವನು. ನಮ್ಮ ಕೌಂಟಿಯಲ್ಲಿ ಕೂಡಿಸುವಂಥದ್ದು ಏನಿದೆ? ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್‌ಸನ್‌ನ ಬಿಲ್ಲೆಗಳು ನಮ್ಮ ಕೌಂಟಿಯ ಪಟ್ಟಿಯಲ್ಲಿರುವುದು ಸರಿಯೇ?
— ಕಾವೆಂಟ್ರಿಯಿಂದ

ಉತ್ತರ: ನಿಮ್ಮೂರಿನ ಅರ್ಧಪೆನ್ನಿ ಇಡೀ ಸರಣಿಯಲ್ಲೇ ಅತ್ಯಂತ ಸುಂದರವಾದವುಗಳಲ್ಲಿ ಒಂದು. ಪ್ರಜೆಗಳ ತೆರಿಗೆ ಇಳಿಸಬೇಕೆಂದು ಬತ್ತಲೆಯಾಗಿ ಕುದುರೆಯೇರಿ ಊರು ಸುತ್ತಿದಳೆಂಬ ಕಥೆಯ ಲೇಡಿ ಗೊಡೈವಾ ಒಂದು ಬದಿಗೆ, ಊರಿನ ಲಾಂಛನವಾದ ಕೋಟೆ ಹೊತ್ತ ಆನೆ ಇನ್ನೊಂದು ಬದಿಗೆ. 1792ರಿಂದ ಕೆಲವು ವರ್ಷ ಅದನ್ನು ಟಂಕಿಸಿದರು. ರಾಬರ್ಟ್ ರೆನಾಲ್ಡ್ಸ್ ಮತ್ತು ಕಂಪನಿಯ ಮಳಿಗೆಯಲ್ಲಿ ಹಣ ಸಿಗುತ್ತದೆಂದು ಅಂಚು ಹೇಳುತ್ತದೆ. ಧಾರಾಳವಾಗಿ ಚಲಾವಣೆಯಾದದ್ದರಿಂದ ಸವೆದ ಪ್ರತಿಗಳು ಸುಲಭವಾಗಿ ಸಿಗುತ್ತವೆ. 1797ರಲ್ಲಿ ಬರ್ಮಿಂಗ್‌ಹ್ಯಾಮಿನ ಪೀಟರ್ ಕೆಂಪ್ಸನ್ ಕಾವೆಂಟ್ರಿಯ ಕಟ್ಟಡಗಳ ಸರಣಿಯನ್ನು ಸಂಗ್ರಾಹಕರಿಗೆಂದೇ ಟಂಕಿಸಿದ. ಮೇಲೆ ಅಂಥವನ್ನು ಬೇಡವೆಂದೆನಾದರೂ ಇವಕ್ಕೆ ಒಂದು ವಿನಾಯಿತಿ ಕೊಡುತ್ತೇನೆ. ಹಳೆಯ ಕಾವೆಂಟ್ರಿಯ ಎಷ್ಟೋ ಭಾಗ 1940ರ ನವೆಂಬರಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಆ ಊರಿನ ಹಳೆಯ ರೂಪವನ್ನು ಇಷ್ಟು ಶ್ರದ್ಧೆಯಿಂದ ತಾಮ್ರದಲ್ಲಿ ಉಳಿಸಿದವನನ್ನು ತಿರಸ್ಕರಿಸಲು ಮನಸ್ಸು ಬರುವುದಿಲ್ಲ.

ವಿಲ್ಕಿನ್‌ಸನ್ ವಿಷಯದಲ್ಲಿ ನಿಮ್ಮ ಅನುಮಾನ ನ್ಯಾಯವಾದದ್ದು. ಅವನ ಬಿಲ್ಲೆಯ ಅಂಚಿನಲ್ಲಿರುವ ವಿಲ್ಲಿ, ಸ್ನೆಡ್‌ಶಿಲ್, ಬರ್ಶಮ್, ಬ್ರ್ಯಾಡ್ಲಿ ಎಂಬ ಕುಲುಮೆಗಳಲ್ಲಿ ಒಂದೂ ವಾರಿಕ್‌ಶೈರ್‌ನಲ್ಲಿಲ್ಲ. ಮೊದಲೆರಡು ಶ್ರಾಪ್‌ಶೈರ್, ಮೂರನೆಯದು ವೇಲ್ಸ್, ನಾಲ್ಕನೆಯದು ಸ್ಟಾಫರ್ಡ್‌ಶೈರ್. ಬಿಲ್ಲೆ ಟಂಕಿಸಿದ್ದು ಮಾತ್ರ ಬರ್ಮಿಂಗ್‌ಹ್ಯಾಮಿನಲ್ಲಿ. ಕ್ಯಾಟಲಾಗ್ ಎಲ್ಲಿ ಇಟ್ಟರೂ ಇಡಲಿ, ಹಣ ಎಲ್ಲಿ ಕೊಡುತ್ತಿದ್ದರೋ ಅದೇ ಬಿಲ್ಲೆಯ ಊರೆಂದು ನನ್ನ ಲೆಕ್ಕ. ನಿಮ್ಮ ಸಂಗ್ರಹದಲ್ಲಿ ವಿಲ್ಕಿನ್‌ಸನ್ ಇಲ್ಲದಿದ್ದರೆ ಏನೂ ಕೊರತೆಯಿಲ್ಲ.

ಪ್ರಶ್ನೆ: ಲೋಹಶೋಧಕ ಯಂತ್ರ ಹಿಡಿದು ಹೊಲಗಳಲ್ಲಿ ಹುಡುಕಿದರೆ ಸಿಗುತ್ತವೆಯೇ?
— ಸ್ಟೋಮಾರ್ಕೆಟ್‌ನಿಂದ

ಉತ್ತರ: ಸಿಗುತ್ತವೆ. ಜಮೀನಿನ ಒಡೆಯರ ಅನುಮತಿ ಮೊದಲೇ ಬೇಕು, ಸಿಕ್ಕಿದ್ದನ್ನು ಹಂಚಿಕೊಳ್ಳುವ ಬಗೆಯನ್ನೂ ಮೊದಲೇ ಬರೆದುಕೊಳ್ಳಿ. ಸಂರಕ್ಷಿತ ಪ್ರಾಚೀನ ಸ್ಥಳಗಳಲ್ಲಿ ಅಪ್ಪಣೆಯಿಲ್ಲದೆ ಯಂತ್ರ ಬಳಸುವುದೇ ಅಪರಾಧ. ಮಣ್ಣಿನಲ್ಲಿದ್ದ ತಾಮ್ರ ಬಹಳ ಕೊರೆದುಹೋಗಿರುತ್ತದೆ, ಸುಂದರವಾದದ್ದನ್ನು ನಿರೀಕ್ಷಿಸಬೇಡಿ. ಆದರೆ ಸಿಕ್ಕ ಜಾಗವನ್ನು ನಕ್ಷೆಯ ಅಂಕಿಗಳ ಸಮೇತ ಗುರುತು ಹಾಕಿಕೊಂಡರೆ, ಒಂದು ಊರಿನ ಬಿಲ್ಲೆ ಎಷ್ಟು ದೂರ ಓಡಾಡಿತೆಂದು ತಿಳಿಯುತ್ತದೆ. ಅಂಗಡಿಯಲ್ಲಿ ಕೊಂಡ ಬಿಲ್ಲೆ ಅದನ್ನು ಹೇಳಲಾರದು.

ಪ್ರಶ್ನೆ: ಈ ಬಿಲ್ಲೆಗಳು ಯಾವಾಗ ನಿಂತವು? ಸಫೊಕ್ ಮುಗಿದ ಮೇಲೆ ಮುಂದೆ ಏನು ಕೂಡಿಸಬಹುದು?
— ಫೆಲಿಕ್ಸ್‌ಟೋದಿಂದ

ಉತ್ತರ: 1797ರಲ್ಲಿ ಬರ್ಮಿಂಗ್‌ಹ್ಯಾಮಿನ ಸೋಹೊದಲ್ಲಿ ಮ್ಯಾಥ್ಯೂ ಬೋಲ್ಟನ್ ತನ್ನ ಉಗಿಯಂತ್ರಗಳಿಂದ ಸರ್ಕಾರಕ್ಕಾಗಿ ಒಂದು ಔನ್ಸಿನ ಪೆನ್ನಿ ಮತ್ತು ಎರಡು ಔನ್ಸಿನ ಎರಡುಪೆನ್ನಿಗಳನ್ನು ಟಂಕಿಸಿದ. ವರ್ತಕರ ಬಿಲ್ಲೆಗಳ ಅಗತ್ಯ ಅಲ್ಲಿಂದ ಇಳಿಯಿತು. ಆದರೆ ಜನರಿಗೆ ದಿನನಿತ್ಯ ಬೇಕಾಗಿದ್ದ ಅರ್ಧಪೆನ್ನಿ ಸೋಹೊದಿಂದ ಬಂದದ್ದು 1799ರಲ್ಲಿ, ಅಲ್ಲಿಯವರೆಗೂ ಹಳೆಯ ಬಿಲ್ಲೆಗಳು ಓಡಿದವು. 1811ರ ಸುಮಾರಿಗೆ ಮತ್ತೆ ಚಿಲ್ಲರೆ ಕೊರತೆಯಾಗಿ ಎರಡನೆಯ ಅಲೆ ಎದ್ದಿತು, ಅದನ್ನು 1817ರ ಕಾಯ್ದೆ ನಿಲ್ಲಿಸಿತು.

ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಹೋಗಿ ಎಂದು ನನ್ನ ಸಲಹೆ. 1648ರಿಂದ 1672ರವರೆಗೆ, ಎರಡನೆಯ ಚಾರ್ಲ್ಸ್ ದೊರೆ ನಿಲ್ಲಿಸುವ ತನಕ, ಇದೇ ರೀತಿ ವರ್ತಕರು ಬೆರಳ ತುದಿಯಷ್ಟು ಚಿಕ್ಕ ಫಾರ್ದಿಂಗ್ (ಕಾಲು ಪೆನ್ನಿ) ಬಿಲ್ಲೆಗಳನ್ನು ಹೊರಡಿಸಿದ್ದರು. 1790ರ ದಶಕದಲ್ಲಿ ಒಂದೂ ಬಿಲ್ಲೆ ಕಾಣದ ಎಷ್ಟೋ ಸಣ್ಣ ಊರುಗಳಿಗೆ ಆಗ ತಮ್ಮದೇ ಬಿಲ್ಲೆಯಿತ್ತು. ಅವುಗಳ ನಡುವೆ ಸಾಮಾನ್ಯವಾಗಿ ಮೂರು ಅಕ್ಷರಗಳು ತ್ರಿಕೋನಾಕಾರದಲ್ಲಿರುತ್ತವೆ: ಮೇಲೆ ಮನೆತನದ ಹೆಸರಿನದು, ಕೆಳಗೆ ಗಂಡನದು ಮತ್ತು ಹೆಂಡತಿಯದು. ಅಂಗಡಿ ನಡೆಸುತ್ತಿದ್ದ ಹೆಂಗಸಿನ ಹೆಸರಿನ ಮೊದಲಕ್ಷರ ಹಣದ ಮೇಲೆ ಅಚ್ಚಾಗಿರುವುದನ್ನು ಕೈಯಲ್ಲಿ ಹಿಡಿಯುವ ಸಂತೋಷವೇ ಬೇರೆ. ಬೆಲೆಯೂ ಹೆಚ್ಚಿನವಕ್ಕೆ ಕೈಗೆಟುಕುವಷ್ಟೇ ಇದೆ. ಟೋಕನ್ ಕರೆಸ್ಪಾಂಡಿಂಗ್ ಸೊಸೈಟಿ ಎಂಬ ಸಂಗ್ರಾಹಕರ ಬಳಗ ಎರಡೂ ಕಾಲದ ಬಿಲ್ಲೆಗಳನ್ನು ಅಧ್ಯಯನ ಮಾಡುತ್ತದೆ, ಅದಕ್ಕೆ ಸದಸ್ಯರಾಗಿ. ಫೆಲಿಕ್ಸ್‌ಟೋ ಸುತ್ತಲಿನ ಹಳ್ಳಿಗಳ ಹೆಸರಿನ ಪಟ್ಟಿ ಮಾಡಿ ಕಳುಹಿಸಿದರೆ, ಯಾವುದಕ್ಕೆ ಹದಿನೇಳನೆಯ ಶತಮಾನದ ಬಿಲ್ಲೆಯಿದೆಯೆಂದು ನೋಡಿ ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ.